ಕ್ಯಾಬಿನೆಟ್ ಜೊತೆ ಪುಕ್ಕಟೆ

ಬೆಸುಗೆ ಹಾಕುವಾಗ ಸುಡುವ ರಾಳದ ವಾಸನೆ...

ಕಂಪ್ಯೂಟರ್ ಅಂಗಡಿಯ ಗಾಜಿನ ಬಾಗಿಲು ತಳ್ಳಿದೊಡನೆ ಅದು ಅವಳ ಮೂಗಿಗೆ ಬಡಿಯಿತು. ಅಪ್ಪನ ರೇಡಿಯೋ ರಿಪೇರಿ ಮೇಜಿನ ಕೆಳಗೆ ಕೂತು, ಬಿದ್ದ ಸ್ಕ್ರೂಗಳನ್ನೆಲ್ಲ ಆರಿಸಿ ಡಬ್ಬಿಗೆ ಹಾಕುತ್ತಿದ್ದ ಪುಟ್ಟ ಹುಡುಗಿ ಒಂದು ಕ್ಷಣ ಅವಳೊಳಗೆ ಎದ್ದು ಕೂತಳು. ಅಪ್ಪ ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ಆ ತೆಳು ಹೊಗೆಗೆ ಕಣ್ಣು ತುಂಬಿ ಬಂತು.

ತುಂಬಿದ ಕಣ್ಣು ಆರಲು ಒಂದೇ ಒಂದು ಪದ ಸಾಕಾಯಿತು.

"ಬೇಡ."

ಅವಳಿನ್ನೂ ಕೌಂಟರಿನಲ್ಲಿದ್ದ ಹೆಂಗಸಿಗೆ, "ಆ ಕ್ಯಾಬಿನೆಟ್ ಕೊಡಿ, ಪವರ್ ಸಪ್ಲೈ ಪುಕ್ಕಟೆ ಬರುತ್ತಲ್ಲ, ಅದೇ" ಎಂದು ಹೇಳಿ ಮುಗಿಸಿರಲಿಲ್ಲ. ಬೇಡ ಎಂದವನು ಮೂಲೆಯ ಮೇಜಿನಲ್ಲಿ ಬೆಸುಗೆ ಹಾಕುತ್ತಿದ್ದವನು. ತಲೆ ಕೂಡ ಎತ್ತಿರಲಿಲ್ಲ!

"ಬೇಡ ಅನ್ನೋಕೆ ನೀವ್ಯಾರು?"

"ನನ್ನ ತಮ್ಮ ಕಣಮ್ಮ," ಎಂದಳು ಅಕ್ಕ ನಗುತ್ತ. "ಮೂಗಬಸವ. ಮಾತಾಡಿದ್ರೆ ತೆರಿಗೆ ಬೀಳುತ್ತೆ ಅಂದ್ಕೊಂಡಿದಾನೆ. ಅವನ ಪಾಲಿನ ಮಾತನ್ನೂ ನಾನೇ ಆಡಿ ಆಡಿ ಗಂಟಲು ಬಿದ್ದುಹೋಗಿದೆ."

"ಯಾಕೆ ಬೇಡ ಅಂತ ಹೇಳ್ಲಿ!"

"ಒಳ್ಳೇದಲ್ಲ," ಎಂದ ಮೂಗಬಸವ.

"ಓಹೋ! ಕ್ಯಾಬಿನೆಟ್ ಜೊತೆ ಪುಕ್ಕಟೆ ಅಂತ ಗೋಡೆ ಮೇಲೆ ಇಷ್ಟುದ್ದ ಬರೆದು ಅಂಟಿಸಿದೀರ. ಒಳ್ಳೇದಲ್ಲದೇ ಇದ್ರೆ ಇಟ್ಕೊಂಡಿರೋದ್ಯಾಕೆ? ನನ್ನ ಹತ್ರ ಇರೋದೇ ಇಷ್ಟು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು, ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಇನ್ನೆಲ್ಲಿ ಉಳಿಸ್ಲಿ?"

ಅವನು ಬೆಸುಗೆ ಹಾಕುತ್ತಲೇ ಇದ್ದ. 'ಹೆಂಗಸಿಗೆ ಇದೆಲ್ಲ ಏನು ಗೊತ್ತು ಅನ್ನೋ ಕೊಬ್ಬು!' ಎಂದು ಅವಳು ಒಳಗೊಳಗೇ ಕುದಿದಳು.

ಕುದಿಯುತ್ತಲೇ, ಅವನ ಮೇಜಿನಿಂದ ಉರುಳಿ ತನ್ನ ಕಾಲ ಬಳಿ ಬಿದ್ದ ಪುಟ್ಟ ಸ್ಕ್ರೂವನ್ನು ಬಗ್ಗಿ ಎತ್ತಿ ಅವನ ತಟ್ಟೆಗೆ ಹಾಕಿದಳು. ಕೈಗೆ ಅಂಟಿದ ಹಳೆಯ ಅಭ್ಯಾಸ. ಅವಳಿಗೆ ಹಾಕಿದ್ದೇ ತಿಳಿಯಲಿಲ್ಲ.

ಅವನು ಆಗ ಮೊದಲ ಬಾರಿಗೆ ತಲೆ ಎತ್ತಿ ನೋಡಿದ.

---

ಈ ಕಂಪ್ಯೂಟರು ಅವಳಿಗೆ ಆಟದ ಸಾಮಾನಾಗಿರಲಿಲ್ಲ.

ಹಿಂದಿನ ತಿಂಗಳವರೆಗೂ ಅವಳು ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಬೆನ್ನು ಬಗ್ಗಿಸಿ, ಕಣ್ಣು ಕೆಂಪಾಗಿಸಿ ಎಡಿಟ್ ಮಾಡಿದ ಚಿತ್ರವೊಂದನ್ನು ತುಂಬಿದ ಸಭೆಯಲ್ಲಿ ತೋರಿಸಿದರು. ಕೊನೆಯಲ್ಲಿ ಅವಳ ಹೆಸರು ಬರಬೇಕಾದ ಜಾಗದಲ್ಲಿ ಯಜಮಾನರ ಅಳಿಯನ ಹೆಸರು!

"ಸರ್, ಅದು ನಾನು ಮಾಡಿದ ಕೆಲಸ..."

ಯಜಮಾನರು ನಕ್ಕಿದ್ದರು. "ಕಂಪ್ಯೂಟರ್ ನಂದು. ಕರೆಂಟು ನಂದು. ಅಂದ್ಮೇಲೆ ಕೆಲಸ ಯಾರದ್ದಮ್ಮ?"

ಆ ಕ್ಷಣವೇ ಅವಳು ಕುರ್ಚಿ ಬಿಟ್ಟು ಎದ್ದಿದ್ದಳು. ಬೆನ್ನ ಹಿಂದೆ ಅವರ ಮಾತು ಕೇಳಿಸಿತ್ತು. "ಹೋಗ್ಲಿ ಬಿಡ್ರೋ. ಬರಿಗೈಯಲ್ಲಿ ಎಷ್ಟು ದಿನ? ತಾನೇ ವಾಪಸ್ ಬರ್ತಾಳೆ."

ಆಗ ಅವಳ ಕೈಹಿಡಿದವರು ಒಬ್ಬ ನೃತ್ಯ ಶಿಕ್ಷಕಿ. ತಮ್ಮ ಶಾಲೆಯ ವಾರ್ಷಿಕ ಪ್ರದರ್ಶನದ ಚಿತ್ರವನ್ನು ಅವಳಿಗೇ ಒಪ್ಪಿಸಿದರು. ಮುಂದಿನ ವಾರದ ಕೊನೆಗೆ ಕೊಡಬೇಕು. ಕೊಟ್ಟರೆ ಅವಳದೇ ಹೆಸರಿನ ಮೊದಲ ಕೆಲಸ. ಕೊಡಲಾಗದಿದ್ದರೆ... ಮತ್ತೆ ಅದೇ ಸ್ಟುಡಿಯೋ, ಅದೇ ನಗು.

'ಸತ್ತರೂ ಇಲ್ಲ!'

---

ಭಾನುವಾರ ಮಧ್ಯಾಹ್ನ ನಡುಮನೆಯ ನೆಲದ ಮೇಲೆ ಹಾಸಿದ ಹಳೆಯ ಬೆಡ್‌ಶೀಟಿನಲ್ಲಿ ಶನಿವಾರ ಹಟ ಹಿಡಿದು ಕೊಂಡುತಂದ ಬಿಡಿಭಾಗಗಳೆಲ್ಲ ಸಾಲಾಗಿ ಕೂತಿದ್ದವು. ಅವಳ ಕೈಯಲ್ಲಿ ಅಪ್ಪನ ಸ್ಕ್ರೂಡ್ರೈವರ್. ಅಮ್ಮನ ಕೈಯಲ್ಲಿ ಟಾರ್ಚು.

ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದವಳು ಹಾಗೇ ನಿಂತುಬಿಟ್ಟಳು.

ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಆ ಪವರ್ ಸಪ್ಲೈ ಪೆಟ್ಟಿಗೆ ಅಂಗಡಿಯಲ್ಲಿ ಹೊಳೆಯುವ ಕೆಂಪು ಸ್ಟಿಕರ್ ಹೊತ್ತಿತ್ತು. ಇಲ್ಲಿರುವುದು ಬೇರೆಯೇ. ಅಂಚೆಲ್ಲ ಗೀರು! ಫ್ಯಾನಿನ ರೆಕ್ಕೆಯ ಸಂದಿಯಲ್ಲಿ ಧೂಳು!

"ಅಮ್ಮಾ! ಹಳೇ ಮಾಲು! ಹೊಸದನ್ನ ಬಿಚ್ಕೊಂಡು ಹಳೇದನ್ನ ತುರುಕಿದಾನೆ ಆ ಮೂಗಬಸವ!"

"ಸಮಾಧಾನ ಕಣೇ..."

"ಎಲ್ಲರಿಗೂ ನಾನೇ ಸಿಕ್ಕೋದಾ? ಅವರು ನನ್ನ ಹೆಸರು ತೆಗೆದ್ರು, ಇವನು ಪವರ್ ಸಪ್ಲೈನೇ ತೆಗೆದ! ಇವಳು ಬಿಚ್ಚಿ ನೋಡಲ್ಲ ಅನ್ನೋ ಧೈರ್ಯ ಅಲ್ವಾ?"

ಅಮ್ಮ ಟಾರ್ಚು ಆರಿಸಿದರು. "ನಿಮ್ಮಪ್ಪ ನಿನ್ನ ಬೆಂಕಿಪೊಟ್ಟಣ ಅಂತ ಸುಮ್ನೆ ಕರೀತಿರ್ಲಿಲ್ಲ. ಮೊದ್ಲು ವಿಚಾರಿಸು. ಆಮೇಲೆ ಗೀರು."

ಆದರೆ ಕಡ್ಡಿ ಆಗಲೇ ಗೀರಿಯಾಗಿತ್ತು.

---

ಸೋಮವಾರ ಅಂಗಡಿಯ ಷಟರು ಅರ್ಧ ಏರಿತ್ತಷ್ಟೇ, ಅವಳು ಬಗ್ಗಿ ಒಳನುಗ್ಗಿದಳು. ಒಂದು ಕೈಯಲ್ಲಿ ಕ್ಯಾಬಿನೆಟ್ಟು, ಇನ್ನೊಂದರಲ್ಲಿ ಮಿಕ್ಕೆಲ್ಲ ಭಾಗಗಳ ಚೀಲ. ಕ್ಯಾಬಿನೆಟ್ಟು ಕೌಂಟರಿನ ಮೇಲೆ ದಢಾರನೆ ಕೂತಿತು.

"ಇದೇನ್ರೀ ಇದು? ನೋಡಿ! ಇದಕ್ಕೆ ಏನಂತಾರೆ ನಿಮ್ಮ ಅಂಗಡೀಲಿ?"

ಅಕ್ಕ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಅವಳ ಮುಖದ ನಗು ಹೋಯಿತು. "ಅಯ್ಯೋ, ಇದು ಹಳೇದೇ. ಆದ್ರೆ ಇದು..."

ಅವಳು ಮಾತು ನಿಲ್ಲಿಸಿ ನೇರ ತಮ್ಮನ ಮೇಜಿಗೆ ನಡೆದಳು. ಅವನ ಸ್ವಂತ ಕಂಪ್ಯೂಟರಿನ ಮುಚ್ಚಳ ಎತ್ತಿದಳು. ಪವರ್ ಸಪ್ಲೈ ಇರಬೇಕಾದ ಜಾಗದಲ್ಲಿ ದೊಡ್ಡದೊಂದು ತೂತು!

"ಲೋ! ಶನಿವಾರದಿಂದ ಸರ್ವೀಸ್ ಮಾಡ್ತಿದೀನಿ ಅಂತ ನನ್ನ ಕಿವಿಗೆ ಹೂವಿಟ್ಯಲ್ಲೋ! ನಿಂದನ್ನೇ ಬಿಚ್ಚಿ ಈ ಹುಡುಗಿಗೆ ಹಾಕಿಕೊಟ್ಟಿದೀಯಾ?"

ಅವನ ಕಿವಿ ಕೆಂಪಾಯಿತು. ಅದೇ ಉತ್ತರ.

ಇದನ್ನು ಕೇಳಿ ಹುಡುಗಿಯ ಸಿಟ್ಟು ಇಳಿಯಬೇಕಿತ್ತು ಅಲ್ಲವೇ? ಇಳಿಯಲಿಲ್ಲ! ಇನ್ನೂ ಮೇಲೇರಿತು.

"ನಾನು ಬೇಡೋಕೆ ಬಂದಿದ್ನಾ?"

"ಇಲ್ಲ," ಎಂದ ಅವನು ಎದ್ದು ನಿಂತು.

"ಮತ್ತೆ?"

"ಪುಕ್ಕಟೆ ಬರೋದು ಕರೆಂಟಿನ ಭಾರ ತಡೆಯಲ್ಲ, ನಂದು ತಡೆಯುತ್ತೆ. ದೊಡ್ಡ ಕಾರ್ಡ್ ಓಡೋವಾಗ ಸುಟ್ಟುಹೋದ್ರೆ ಬೋರ್ಡು, ಡಿಸ್ಕು ಎಲ್ಲಾನೂ ಜೊತೆಗೆ ಸುಡಬಹುದು. ನಿಮ್ಮ ಕೆಲಸ ಇರೋದು ಅದರಲ್ಲೇ..."

"ಇದನ್ನ ಅವತ್ತೇ ಬಾಯಿಬಿಟ್ಟು ಹೇಳೋದಲ್ವಾ?"

"ಹೇಳಿದ್ನಲ್ಲ."

"ಏನು ಹೇಳಿದ್ರಿ? 'ಬೇಡ'! ಇಷ್ಟು ದೊಡ್ಡ ಸಂಗತಿಗೆ ಎರಡಕ್ಷರ!"

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಹುಡುಗಿ ಅವನ ಮೇಜಿನ ಮುಂದೆ ಬಂದು ನಿಂತಳು. "ನೋಡಿ... ನಾನು ಕೆಲಸ ಮಾಡ್ತಿದ್ದ ಕಡೆ ನನ್ನನ್ನ ಕೇಳದೇ ತಗೊಂಡ್ರು. ನೀವು ಕೇಳದೇ ಕೊಟ್ರಿ. ಕೊಟ್ಟಿದ್ದು ಒಳ್ಳೇದೇ ಇರಬಹುದು. ಆದ್ರೆ ಇಬ್ಬರೂ ನನ್ನನ್ನ ಕೇಳ್ಲೇ ಇಲ್ಲ! ನನ್ನ ಮಿಷನ್ ಒಳಗೆ ಏನಿದೆ ಅಂತ ನನಗೇ ಗೊತ್ತಿಲ್ಲದೇ ಇದ್ರೆ ಅದು ನಂದು ಹೇಗಾಗುತ್ತೆ?"

ಅವನು ತಲೆ ತಗ್ಗಿಸಿದ. ಈ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತ್ತು.

"ತಪ್ಪಾಯ್ತು," ಎಂದ. ಆಮೇಲೆ, ತುಂಬ ಕಷ್ಟಪಟ್ಟು, "ಈಗ ಕೇಳ್ತೀನಿ. ಏನು ಮಾಡೋಣ?"

ಅಷ್ಟೇ ಸಾಕಿತ್ತು ಅವಳಿಗೆ. ಕಣ್ಣೊರೆಸಿಕೊಂಡು ಚೀಲದಿಂದ ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆ ತೆಗೆದಳು.

"ಇದರ ಸೀಲ್ ಒಡೆದಿಲ್ಲ. ವಾಪಸ್ ತಗೊಳ್ಳಿ. ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿಂದು ಕೊಡಿ. ಉಳಿದಿದ್ದಕ್ಕೆ ಗ್ಯಾರಂಟಿ ಇರೋ ಹೊಸ ಪವರ್ ಸಪ್ಲೈ. ಚಿತ್ರ ತಯಾರಾಗೋದು ನಿಧಾನ ಆಗುತ್ತೆ, ಆಗ್ಲಿ. ನಾನು ಕಾಯ್ತೀನಿ. ಮತ್ತೆ ಆ ಗೋಡೆ ಬರಹ ಕಿತ್ತುಹಾಕಿ. ನನಗೇನೋ ನಿಮ್ಮದನ್ನ ಬಿಚ್ಚಿಕೊಟ್ರಿ. ನಾಳೆ ಬರೋರಿಗೆ ಏನು ಬಿಚ್ಚಿಕೊಡ್ತೀರ?"

ಅಕ್ಕನ ಮುಖ ಸಣ್ಣಗಾಯಿತು. "ಅದನ್ನ ಅಂಟಿಸಿದ್ದು ನಾನೇ ಕಣಮ್ಮ. ಎಲ್ಲಾ ಅಂಗಡಿಯೋರೂ ಹಾಕ್ತಾರಲ್ಲ ಅಂತ..."

ಅವಳು ಸ್ಟೂಲ್ ಎಳೆದುಕೊಂಡು, ಏದುಸಿರು ಬಿಡುತ್ತ ಹತ್ತಿ, ಆ ಹಾಳೆಯನ್ನು ತಾನೇ ಪರ್ರೆಂದು ಹರಿದಳು.

ಅವನ ಮೇಜಿನ ಮೇಲೆಯೇ ಹುಡುಗಿ ತನ್ನ ಕಂಪ್ಯೂಟರನ್ನು ಜೋಡಿಸಿದಳು. ಅವನು ಬರೇ ದೀಪ ಹಿಡಿದ. ಕೈ ಹಾಕುವ ಮುನ್ನ ಪ್ರತಿ ಸಲವೂ "ಹಿಡಿಯಲಾ?" ಎಂದು ಕೇಳಿದ. ಕೊನೆಯಲ್ಲಿ ಅವನ ಪವರ್ ಸಪ್ಲೈಯನ್ನು ಅವನ ಮಿಷನ್ನಿಗೆ ಮರಳಿ ಕೂರಿಸಿದವಳು ಅವಳೇ. ಫ್ಯಾನಿನ ಧೂಳನ್ನೂ ಬ್ರಷ್ಷಿನಿಂದ ತೆಗೆದಳು.

ಸ್ವಿಚ್ಚು ಒತ್ತಿದಾಗ ಎರಡೂ ಪರದೆಗಳು ಒಟ್ಟಿಗೇ ಬೆಳಗಿದವು. ಇಬ್ಬರೂ ಉಸಿರು ಬಿಟ್ಟದ್ದೂ ಒಟ್ಟಿಗೇ.

---

ಮುಂದಿನ ಸೋಮವಾರ ಊಟದ ಹೊತ್ತಿಗೆ ಗಾಜಿನ ಬಾಗಿಲು ಮತ್ತೆ ತೆರೆಯಿತು.

"ಕೊಟ್ಟೆ!" ಎಂದಳು ಅವಳು ಬಾಗಿಲಲ್ಲೇ. "ನಿಧಾನ ಆಯ್ತು, ಆದ್ರೆ ಹೇಳಿದ ದಿನಕ್ಕೇ ಕೊಟ್ಟೆ! ಕೊನೇಲಿ ನನ್ನ ಹೆಸರು ಬಂತು. ಆ ಟೀಚರ್ ಅದನ್ನ ಮಕ್ಕಳ ಕೈಲಿ ಜೋರಾಗಿ ಓದಿಸಿದ್ರು!"

ಅವನು ಬೆಸುಗೆಯ ಕಡ್ಡಿ ಕೆಳಗಿಟ್ಟ. ನಕ್ಕ. ಆ ನಗುವನ್ನು ಅವಳು ಅದೇ ಮೊದಲು ನೋಡಿದ್ದು. 'ಅಯ್ಯೋ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದ ಇದನ್ನ?'

"ಒಂದು... ಕೇಳ್ಲಾ?" ಎಂದ.

"ಕೇಳಿ."

"ಅವತ್ತು ಬೈತಾ ಬೈತಾನೇ ನನ್ನ ಸ್ಕ್ರೂ ಎತ್ತಿ ತಟ್ಟೆಗೆ ಹಾಕಿದ್ರಿ. ಅಷ್ಟು ಸಿಟ್ಟಲ್ಲೂ ಇನ್ನೊಬ್ಬರ ಸ್ಕ್ರೂ ಕಳೀಬಾರ್ದು ಅಂತ ನೋಡೋರು... ನನಗೆ ಮಾತು ಬರಲ್ಲ. ಕಲೀತೀನಿ. ನಿಮ್ಮ ಜೊತೆ ಬದುಕೋ ಆಸೆ ಇದೆ. ನಿಮಗೆ... ಇಷ್ಟ ಇದೆಯಾ? ಇಲ್ಲ ಅಂದ್ರೂ ಪರವಾಗಿಲ್ಲ. ಕೇಳದೇ ಇರಬಾರ್ದು ಅಂತ ಕೇಳ್ದೆ."

ಅವಳು ಮೇಜಿನ ಬಳಿ ಬಂದು, ತಟ್ಟೆಯಿಂದ ಒಂದು ಸ್ಕ್ರೂ ಎತ್ತಿ ಬೆರಳ ನಡುವೆ ತಿರುಗಿಸಿದಳು.

"ನನಗೆ ಸಿಟ್ಟು ಜಾಸ್ತಿ," ಎಂದಳು ಮೆಲ್ಲಗೆ.

"ಗೊತ್ತು."

"ಪ್ರತಿಯೊಂದಕ್ಕೂ ಯಾಕೆ ಅಂತ ಕೇಳ್ತೀನಿ."

"ಹೇಳ್ತೀನಿ."

"ಎರಡಕ್ಷರದಲ್ಲಲ್ಲ!"

"ಅಲ್ಲ."

ಅವಳು ಅಳುತ್ತಲೇ ನಕ್ಕುಬಿಟ್ಟಳು. "ಹಾಗಾದ್ರೆ... ಇದೆ."

ಅಕ್ಕ ಕೌಂಟರಿನ ಹಿಂದಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇಡೀ ಬೀದಿಗೇ ಸಾಲುವಷ್ಟು ಮಾತು ಅವಳ ಬಾಯಿಗೆ ಬಂದಿರಬೇಕು. ಆದರೆ ಒಂದನ್ನೂ ಆಡಲಿಲ್ಲ. ತನಗೆಂದು ತಂದ ಊಟದ ಡಬ್ಬಿಯನ್ನು ಬ್ಯಾಗಿನಿಂದ ತೆಗೆದು, ಅವರಿಬ್ಬರ ನಡುವೆ ಸ್ಕ್ರೂಗಳ ತಟ್ಟೆ ಸರಿಸಿ, ಸದ್ದಾಗದಂತೆ ಇಟ್ಟಳು. ಎರಡು ಚಮಚ ಇಟ್ಟಳು. ಮತ್ತೆ ಗಾಜಿನ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಗೆ ಹೋದಳು.