ಹಿಮ್ಮಡಿ ತಿರುಗ್ಸಿ ಸಾರ್!

ಮೂರನೇ ಶನಿವಾರವೂ ಭೈರೇಶ್ ಅದೇ ಪ್ರಶ್ನೆ ಹಿಡಿದುಕೊಂಡು ಬಂದ. "ಹಳೇ ಪೆಡಲ್ ಸವೆದೋಗಿದೆ ಮೇಡಂ. ಫ್ಲಾಟ್ ಹಾಕಿಸ್ಲಾ, ಕ್ಲಿಪ್‌ಲೆಸ್ ಹಾಕಿಸ್ಲಾ?"

ಬಸವೇಶ್ವರನಗರದ ನನ್ನ ಸೈಕಲ್ ಅಂಗಡಿಯಲ್ಲಿ ಇಷ್ಟು ನಿಧಾನದ ಗಿರಾಕಿಯನ್ನು ನಾನು ಕಂಡೇ ಇಲ್ಲ. ನಾನು ವಚನಾ. ಬೇಡದ್ದನ್ನು ಮಾರುವುದಿಲ್ಲ, ಹೇಳಬೇಕಾದ್ದನ್ನು ಹೇಳದೆ ಬಿಡುವುದಿಲ್ಲ. ಜಂಬ ಅಂದರೆ ಅನ್ನಿ. ಏರಿಯಾದವರಿಗೆಲ್ಲ ಗೊತ್ತು.

ಆದರೆ ಇವನ ವಿಷಯದಲ್ಲಿ ಎರಡು ಶನಿವಾರ ನಾನೇ ಬಾಯಿ ಮುಚ್ಚಿಕೊಂಡಿದ್ದೆ. ಫ್ಲಾಟ್ ಅಂದರೆ ಚಪ್ಪಲಿ ಹಾಕಿಯೂ ತುಳಿಯುವ ಮಾಮೂಲಿ ಪೆಡಲ್, ಕೂರಿಸುವುದು ಹತ್ತು ನಿಮಿಷದ ಕೆಲಸ. ಆಮೇಲೆ ಅವನು ವರ್ಷವಾದರೂ ಈ ಕಡೆ ತಲೆ ಹಾಕಬೇಕಿಲ್ಲ. ಕ್ಲಿಪ್‌ಲೆಸ್ ಆದರೆ ಪೆಡಲ್‌ಗೆ ಕಚ್ಚಿಕೊಳ್ಳುವ ಕ್ಲೀಟ್ ಎಂಬ ಕೊಂಡಿಯನ್ನು ಶೂ ತಳಕ್ಕೆ ಕೂರಿಸಬೇಕು, ಮಂಡಿ ನೊಂದರೆ ಅದನ್ನು ಸರಿಸಬೇಕು, ಸ್ಪ್ರಿಂಗ್ ಸಡಿಲಿಸಬೇಕು. ಎರಡು ತಿಂಗಳು ವಾರ ವಾರ ಬರಲೇಬೇಕು. ನಗುವಾಗ ಅವನ ಎಡಗೆನ್ನೆ ಮೊದಲು ನಗುತ್ತದೆ. ಅದನ್ನು ವಾರಕ್ಕೊಮ್ಮೆ ನೋಡುವ ಆಸೆ ನನಗೆ. ಸುಳ್ಳು ಯಾಕೆ ಹೇಳಲಿ?

"ನಮ್ ಟ್ರಯಲ್ ಸೈಕಲ್‌ನಲ್ಲಿ ಒಂದ್ ರೌಂಡ್ ಹೋಗ್ಬನ್ನಿ," ಎಂದು ಶೂ ಕೊಟ್ಟೆ. "ಶೂ ಪೆಡಲ್‌ಗೆ ಲಾಕ್ ಆಗತ್ತೆ. ಕಾಲು ಮೇಲಕ್ಕೆ ಎಳೆದ್ರೆ ಬರಲ್ಲ, ಹಿಮ್ಮಡಿ ಹೊರಗೆ ತಿರುಗಿಸ್ಬೇಕು. ನೆನಪಿರತ್ತಾ?"

"ನೀವ್ ಹೇಳಿದ್ದು ಯಾವ್ದು ಮರ್ತಿದೀನಿ ಮೇಡಂ?" ಎಡಗೆನ್ನೆ ನಕ್ಕಿತು.

"ಮೇಡಂ ಅಲ್ಲ, ವಚನಾ ಅಂತ ಹೋದ್ವಾರಾನೇ ಹೇಳಿದ್ದೆ."

ಚಪ್ಪಲಿ ನನ್ನ ಅಂಗಡಿ ಮುಂದೆ ಬಿಟ್ಟು, ಶೂ ಏರಿಸಿಕೊಂಡು ಹೊರಟ. ರಸ್ತೆ ತುದಿಯವರೆಗೆ ಚೆನ್ನಾಗಿಯೇ ಹೋದ, ಚೆನ್ನಾಗಿಯೇ ತಿರುಗಿಕೊಂಡು ಬಂದ. ಆದರೆ ಅಂಗಡಿ ಎದುರಿಗೇ ಗಣಪತಿ ಗುಡಿ. ಇವನೋ ಬ್ಯಾಡರಹಳ್ಳಿಯಲ್ಲಿ ಅಜ್ಜಿ ಮುನಿತಾಯಮ್ಮ ಸಾಕಿದ ಹುಡುಗ. ಗುಡಿ ಕಂಡರೆ ಕಾಲು ತಾನಾಗಿಯೇ ಚಪ್ಪಲಿ ಬಿಡುತ್ತದೆ. ಸ್ಪೀಡ್ ಇಳಿಸಿದ, ಬಲಗೈ ಎದೆಗೆ ಹೋಯಿತು, ಬಲಗಾಲು ತಾನು ಹಾಕಿಕೊಂಡೇ ಇರದ ಚಪ್ಪಲಿಯಿಂದ ಆಚೆ ಬರಲು ಮೇಲಕ್ಕೆ ಎಳೆಯಿತು.

"ಹಿಮ್ಮಡಿ! ಹಿಮ್ಮಡಿ ತಿರುಗ್ಸಿ ಸಾರ್!"

ಕೇಳಿಸಿದ್ದರೆ ತಾನೆ? ಎದೆಯ ಮೇಲಿನ ಕೈ ಎದೆಯ ಮೇಲೇ ಇದ್ದಂತೆ, ಸೈಕಲ್ ಸಮೇತ ದೊಪ್ಪನೆ ಬಿದ್ದ.

ಗುಡಿ ಮುಂದೆ ಹೂ ಮಾರುವ ಶಿವಕ್ಕ ಬುಟ್ಟಿ ಬಿಟ್ಟು ಓಡಿ ಬಂದಳು. "ಅಯ್ಯೋ, ದೀರ್ಘದಂಡ ನಮಸ್ಕಾರಾನೇ ಹಾಕ್ಬಿಟ್ಯಲ್ಲಪ್ಪ!"

ನಾನು ಮಂಡಿಯೂರಿ ಅವನ ಹಿಮ್ಮಡಿ ಹಿಡಿದು ತಿರುಗಿಸಿದೆ. ಮೊಣಕೈ ತರಚಿತ್ತು. ಅವನ ಮುಖದಲ್ಲಿ ನೋವಿಗಿಂತ ನಾಚಿಕೆಯೇ ಜಾಸ್ತಿ. ನನಗೆ ಬೈಯಬೇಕು ಅನ್ನಿಸಿತು, ಮುದ್ದು ಮಾಡಬೇಕು ಅಂತಲೂ ಅನ್ನಿಸಿತು.

ಅಂಗಡಿಯೊಳಗೆ ಕೂರಿಸಿ ಡೆಟಾಲ್ ಹಚ್ಚಿದೆ. "ದಿನಾ ಜ್ಞಾನಭಾರತಿಗೆ ಕೆಲ್ಸಕ್ಕೆ ಹೋಗ್ತೀರಲ್ಲ, ದಾರೀಲಿ ಎಷ್ಟು ಗುಡಿ?"

"ಹನ್ನೊಂದು. ಎಲ್ಲಾ ಕಡೆ ಚಪ್ಪಲಿ ಬಿಟ್ಟೇ ಕೈ ಮುಗಿಯೋದು. ಅಜ್ಜಿ ಮಾಡಿದ ಅಭ್ಯಾಸ."

"ಹಂಗಾದ್ರೆ ಮುಗೀತು. ಫ್ಲಾಟ್ ಹಾಕ್ತೀನಿ."

ಅವನ ಮುಖ ಇಳಿದುಹೋಯಿತು. "ಇಲ್ಲ, ಕ್ಲಿಪ್‌ಲೆಸ್ಸೇ ಕಲೀತೀನಿ. ಪ್ರತಿ ಶನಿವಾರ ಬಂದು…"

"ಬೇಡ."

ಆ ಒಂದು ಮಾತು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಸ್ಪ್ಯಾನರ್ ತೆಗೆದುಕೊಂಡು ಅವನ ಸೈಕಲ್ ಮುಂದೆ ಕೂತೆ. ಎಡ ಪೆಡಲ್ ಉಲ್ಟಾ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುವುದು ಎಂದು ಎಂಟು ವರ್ಷದಿಂದ ಗೊತ್ತಿರುವ ನಾನು ಅವತ್ತು ಎರಡು ಸಲ ತಪ್ಪು ತಿರುಗಿಸಿದೆ.

"ಆಯ್ತು ನೋಡಿ. ಪೆಡಲ್‌ಗೋಸ್ಕರ ಇನ್ನು ಬರೋ ಹಾಗಿಲ್ಲ."

ಅವನು ಹ್ಯಾಂಡಲ್ ಹಿಡಿದ, ಆದರೆ ಕದಲಲಿಲ್ಲ. ನಾನು ಕೈಯ ಗ್ರೀಸ್ ಒರೆಸಿಕೊಂಡು ಎದುರು ನಿಂತೆ.

"ಫ್ಲಾಟೇ ಸರಿ ಅಂತ ಮೊದಲ್ನೇ ದಿನಾನೇ ಗೊತ್ತಿತ್ತು ನಂಗೆ. ನೀವು ಬರ್ತಾ ಇರ್ಲಿ ಅಂತ ಹೇಳ್ಲಿಲ್ಲ. ನಿಮ್ಮನ್ನ ಬೀಳ್ಸಿದ್ದು ನಾನೇ, ಸಾರಿ. ಭೈರೇಶ್, ನೀವಂದ್ರೆ ನಂಗಿಷ್ಟ. ಸೈಕಲ್‌ಗೆ ಏನೂ ಆಗ್ದೇ ಇದ್ರೂ ಬರ್ತೀರಾ?"

ಎಡಗೆನ್ನೆ ನಕ್ಕಿತು. ಹಿಂದೆಯೇ ಬಲಗೆನ್ನೆಯೂ.

"ವಚನಾ," ಎಂದ, ಮೊದಲ ಸಲ. "ನಾಳೆ ಭಾನುವಾರ ಅಂಗಡಿ ರಜಾ ಅಲ್ವಾ? ಒಟ್ಟಿಗೆ ಸೈಕಲ್‌ನಲ್ಲಿ ಎಲ್ಲಾದ್ರೂ ಹೋಗೋಣ್ವಾ? ಶನಿವಾರದವರ್ಗೂ ಕಾಯಕ್ಕೆ ನನ್ ಕೈಲಾಗಲ್ಲ."

"ಬೆಳಿಗ್ಗೆ ಆರಕ್ಕೆ. ಲೇಟಾದ್ರೆ ಬಿಟ್ಟು ಹೋಗ್ತೀನಿ."

"ಐದೂವರೆಗೇ ಇಲ್ಲಿರ್ತೀನಿ."

ರಸ್ತೆ ದಾಟಿ ಗುಡಿ ಮುಂದೆ ನಿಂತ. ಕಾಲು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ತುಂಬಾ ಹೊತ್ತು ಕೈ ಮುಗಿದ. ಆಮೇಲೆ ತಿರುಗಿ ನನ್ನನ್ನು ನೋಡಿದ. ಶಿವಕ್ಕ ಯಾರೂ ಕೇಳದೆಯೇ ಎರಡು ಮೊಳ ಮಲ್ಲಿಗೆ ಅಳೆದು ಅವನ ಕೈಗಿಟ್ಟು, ನನ್ನ ಅಂಗಡಿಯತ್ತ ಬೆರಳು ಮಾಡಿ ತೋರಿಸಿದಳು.