ಬಿಸಿಲಿಲ್ಲದೆ ಅರಳಿದ ಹೂ

ಮೊದಲು ಕಣ್ಣಿಗೆ ಬಿದ್ದದ್ದು ಚಪ್ಪಲಿ. ಒಂದೇ ಕಾಲಿನದು. ಉತ್ತರಾಣಿ ಗಿಡಗಳ ನಡುವೆ ಬೋರಲು ಬಿದ್ದಿತ್ತು.

ಹುಳದಕ್ಕ ಎಲೆಯಡಿಯ ಜೇಡವೊಂದರ ಫೋಟೋ ತೆಗೆಯಲು ಮಂಡಿಯೂರಿ ಕೂತಿದ್ದಳು. ಎದ್ದು ನಿಂತು ಅತ್ತ ನೋಡಿದಳು. ಚಪ್ಪಲಿಯಾಚೆ ಒಂದು ಕಾಲು. ಕಾಲಿನಾಚೆ ಬೂದು ಸ್ವೆಟರ್.

ಆ ಸ್ವೆಟರ್ ಅವಳಿಗೆ ಗೊತ್ತಿತ್ತು.

"ಮೇಷ್ಟ್ರೇ!"

ಮೇಷ್ಟ್ರು ಬೋಳುಮರದ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಕಿವಿಯ ಹಿಂದೆ ರಕ್ತ. ಮೂಗಿನ ಹತ್ತಿರ ಬೆರಳಿಟ್ಟಳು. ಉಸಿರಿತ್ತು. ಕುತ್ತಿಗೆಯಲ್ಲಿ ಸದಾ ನೇತಾಡುತ್ತಿದ್ದ ಕ್ಯಾಮೆರಾ ಮಾತ್ರ ಇರಲಿಲ್ಲ.

ತಲೆಯ ಮೇಲೆ ಎರಡು ಗಿಳಿಗಳು ಕಿರುಚುತ್ತ ಸುತ್ತುತ್ತಿದ್ದವು. ಅವಳು ಕತ್ತೆತ್ತಿದಳು. ಬೋಳುಮರದ ಪೊಟರೆಯ ಬಾಯನ್ನು ಯಾರೋ ಉಳಿಯಿಂದ ಒಡೆದು ಅಗಲ ಮಾಡಿದ್ದರು. ಹಸಿ ಚಕ್ಕೆಗಳು ಕೆಳಗೆಲ್ಲ ಚೆಲ್ಲಿದ್ದವು. ಒಳಗಿನಿಂದ ಯಾವ ಸದ್ದೂ ಇಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದಳು. ಆಮೇಲೆ ತಮ್ಮನಿಗೆ. ತಮ್ಮ ಪೊಲೀಸ್ ಇನ್‌ಸ್ಪೆಕ್ಟರ್.

"ಬೇಗ ಬಾರೋ. ನೀರಿನ ಟ್ಯಾಂಕಿನ ಹಿಂದೆ. ಯಾರೋ ಮೇಷ್ಟ್ರನ್ನ ಹೊಡೆದು ಹಾಕಿದಾರೆ."

ಕಾಯುವಾಗಲೂ ಅಭ್ಯಾಸ ಬಿಡಲಿಲ್ಲ. ಮರ, ಚಕ್ಕೆ, ಚಪ್ಪಲಿ, ಮರದಡಿಯ ಒದ್ದೆ ಮಣ್ಣು, ಎಲ್ಲದರ ಫೋಟೋ ತೆಗೆದಳು. ಆಕಾಶದ ತುಂಬ ಮೋಡ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ.

* * *

ಹುಳದಕ್ಕನದು ಕನ್ನಡಕದಂಗಡಿ. ದಿನವಿಡೀ ಬೇರೆಯವರ ಕಣ್ಣು ಪರೀಕ್ಷೆ ಮಾಡುವುದು ಕೆಲಸ. ಬೆಳಗಿನ ಹೊತ್ತು ಮಾತ್ರ ಅವಳದು. ಹಾದಿಬದಿಯ ಕಳೆ, ಹುಳ, ಹಕ್ಕಿ, ಏನು ಕಂಡರೂ ಫೋಟೋ ತೆಗೆದು ಮೊಬೈಲ್ ಗ್ರೂಪಿಗೆ ಹಾಕುತ್ತಿದ್ದಳು. ಅಲ್ಲಿ ಅದರ ಹೆಸರಿನ ಬಗ್ಗೆ ಚರ್ಚೆ. ಜಗಳವೂ ಉಂಟು. ಹುಳದಕ್ಕ ಎಂಬ ಅಡ್ಡಹೆಸರು ಬಂದದ್ದೂ ಅಲ್ಲಿಂದಲೇ. ಹೆಸರು ಹಿಡಿಯುವುದರಲ್ಲಿ ಗಣಿತದ ನಿವೃತ್ತ ಮೇಷ್ಟ್ರನ್ನು ಮೀರಿಸುವವರಿರಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಮೇಷ್ಟ್ರ ಹೆಂಡತಿ ಸೆರಗು ಹಿಂಡುತ್ತ ಕೂತಿದ್ದರು.

"ಗಿಳಿ ಮರಿ ಮಾಡಿದೆ, ಇವತ್ತೋ ನಾಳೆಯೋ ಹಾರ್ತಾವೆ, ನೋಡ್ಬೇಕು ಅಂತ ಕತ್ತಲಲ್ಲೇ ಎದ್ದು ಹೋದ್ರು. ಕಾಫಿ ಕುಡಿದು ಹೋಗಿ ಅಂದೆ. ಬಂದು ಕುಡೀತೀನಿ ಅಂದ್ರು."

"ಬಂದು ಕುಡೀತಾರೆ, ಅಮ್ಮ. ಡಾಕ್ಟರು ಹೇಳಿದ್ರಲ್ಲ, ಮೂಳೆಗೇನೂ ಆಗಿಲ್ಲ. ಎಚ್ಚರ ಆಗೋದೊಂದು ಬಾಕಿ."

ಹೇಳಿದ್ದೇನೋ ಹೇಳಿದಳು. ಕಣ್ಣು ಮಾತ್ರ ವಾರ್ಡಿನ ಬಾಗಿಲ ಮೇಲೇ ಇತ್ತು.

ಆಗ ಅಡ್ಮಿನ್ ಅಣ್ಣ ಓಡೋಡಿ ಬಂದ. ಗ್ರೂಪ್ ಶುರು ಮಾಡಿದವನು ಅವನೇ. ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಮದುವೆ, ಮುಂಜಿ, ಪಾಸ್‌ಪೋರ್ಟ್ ಫೋಟೋ ಎಲ್ಲಕ್ಕೂ ಜನ ಅವನನ್ನೇ ಕರೆಯುತ್ತಿದ್ದರು. ಬಂದವನೇ ಮೇಷ್ಟ್ರ ಹೆಂಡತಿಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಕಣ್ಣೊರೆಸಿಕೊಂಡ. ಬಲಗೈ ತೋರುಬೆರಳಿಗೆ ಬ್ಯಾಂಡೇಜ್ ಸುತ್ತಿತ್ತು.

"ಬೆರಳಿಗೇನಾಯ್ತು?" ಹುಳದಕ್ಕ ಕೇಳಿದಳು.

"ಟ್ರೈಪಾಡಿಗೆ ಸಿಕ್ಕಿಬಿಡ್ತು. ಬೆಳಿಗ್ಗೆ ಕೆರೆ ಹತ್ರ ಇದ್ದೆ. ಗ್ರೂಪಲ್ಲಿ ಹಾಕಿದೀನಲ್ಲ, ನೋಡಿಲ್ವಾ? ಊರಿನ ಆ ತುದಿ. ಟ್ಯಾಂಕಿನ ಕಡೆ ಬಂದಿದ್ರೆ ಮೇಷ್ಟ್ರನ್ನ ಉಳಿಸ್ಕೋಬಹುದಿತ್ತು."

ಅವಳು ಮೊಬೈಲ್ ತೆಗೆದಳು. ನಸುಕಿನಲ್ಲೇ ಹಾಕಿದ ಫೋಟೋ. ಗೋಣಿಸೊಪ್ಪಿನ ಪುಟ್ಟ ಹಳದಿ ಹೂ ಪೂರ್ತಿ ಅರಳಿದೆ. ಒಳಗೊಂದು ಸಣ್ಣ ಜೇನು. ಕೆಳಗೆ ಅವನ ಬರಹ: 'ಈಗಷ್ಟೇ, ಕೆರೆ ದಂಡೆಯಲ್ಲಿ.'

ಚೆಂದದ ಫೋಟೋ. ಅವಳು ಮೊಬೈಲ್ ಚೀಲಕ್ಕೆ ಹಾಕುವಷ್ಟರಲ್ಲಿ ಅದು ರಿಂಗಾಯಿತು. ತಮ್ಮ.

"ಅಕ್ಕ, ಸಿಕ್ಕಿಬಿದ್ದ."

"ಯಾರೋ?"

"ಟ್ಯಾಂಕಿನ ವಾಚ್‌ಮನ್. ರೂಮಲ್ಲಿ ಪಂಜರ. ಪಂಜರದಲ್ಲಿ ಗಿಳಿ. ಗೋಡೆಗೆ ಏಣಿ. ಕಳೆಗೆ ಬೆಂಕಿ ಹಚ್ಚೋ ವಿಷಯಕ್ಕೆ ಮೊನ್ನೆ ಮೇಷ್ಟ್ರ ಜೊತೆ ಕೂಗಾಡಿದ್ನಂತೆ. ಇನ್ನೇನು ಬೇಕು?"

ಅಡ್ಮಿನ್ ಅಣ್ಣನ ಕಿವಿಗೂ ಅದು ಬಿತ್ತು. ದೊಡ್ಡದೊಂದು ಉಸಿರು ಬಿಟ್ಟ.

"ನಂಗೆ ಮೊದಲಿಂದ ಅವನ ಮೇಲೆ ಅನುಮಾನ ಇತ್ತು," ಎಂದ.

* * *

ಠಾಣೆಯ ಬೆಂಚಿನ ಮೇಲೆ ವಾಚ್‌ಮನ್ ತಲೆ ತಗ್ಗಿಸಿ ಕೂತಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿಯುತ್ತಿದ್ದಳು. ಕೆಲಸ ಹೋದರೆ ಟ್ಯಾಂಕಿನ ಪಕ್ಕದ ಆ ರೂಮೂ ಹೋಗುತ್ತಿತ್ತು.

"ಮೇಡಂ, ನಾನು ಮಲಗಿದ್ದೆ," ಎಂದ ವಾಚ್‌ಮನ್. "ಮೇಷ್ಟ್ರು ಬಯ್ದಿದ್ದು ನಿಜ. ನಾನೂ ತಿರುಗಿ ಬಯ್ದೆ. ಸಂಜೆ ಅವರೇ ಬಂದು ಮಾತಾಡಿಸಿದ್ರು. ಅಂಥವರ ಮೇಲೆ ಕೈ ಮಾಡ್ತೀನಾ?"

ಇನ್‌ಸ್ಪೆಕ್ಟರ್ ಪಂಜರದತ್ತ ಬೆರಳು ತೋರಿಸಿದ. "ಮತ್ತೆ ಇದು?"

"ರೆಕ್ಕೆ ಮುರಿದು ಬಿದ್ದಿತ್ತು ಸಾರ್. ಸಾಕಿಕೊಂಡೆ. ತುಂಬಾ ವರ್ಷ ಆಯ್ತು."

"ಎಲ್ಲರೂ ಹಾಗೇ ಹೇಳೋದು."

ಹುಳದಕ್ಕ ಪಂಜರದ ಮುಂದೆ ಬಗ್ಗಿದಳು. ಗಿಳಿ ಕತ್ತು ಓರೆ ಮಾಡಿ ಅವಳನ್ನು ನೋಡಿತು.

"ಇವನು ಹೇಳೋದು ನಿಜ ಕಣೋ. ಕೊರಳು ನೋಡು. ಕಪ್ಪು ಗೆರೆ, ಅದರ ಹಿಂದೆ ಗುಲಾಬಿ ಪಟ್ಟಿ. ಗಂಡು ಗಿಳಿಗೆ ಈ ಪಟ್ಟಿ ಮೂಡೋಕೆ ವರ್ಷಗಳೇ ಬೇಕು. ಇವತ್ತು ಪೊಟರೆಯಿಂದ ತೆಗೆದ ಮರಿಗೆ ಎಲ್ಲಿಂದ ಬರ್ಬೇಕು?"

ಇನ್‌ಸ್ಪೆಕ್ಟರ್ ಗಲ್ಲ ಕೆರೆದುಕೊಂಡ. "ಮರಿ ಬೇರೆ ಕಡೆ ಸಾಗಿಸಿರಬಹುದು. ಏಣಿ ಇದೆಯಲ್ಲ."

"ಏಣಿ ಎಂಥದು?"

"ಬಿದಿರಿಂದು. ಗೋಡೆಗೆ ಒರಗಿಸೋದು."

ಅವಳು ಬೆಳಿಗ್ಗೆ ತೆಗೆದ ಫೋಟೋ ದೊಡ್ಡದು ಮಾಡಿ ಅವನ ಮೂಗಿನ ಮುಂದೆ ಹಿಡಿದಳು. ಮರದಡಿಯ ಒದ್ದೆ ಮಣ್ಣು. ಅದರಲ್ಲಿ ನಾಲ್ಕು ಚೌಕದ ಗುಳಿ, ಮಂಚದ ಕಾಲಿನಂತೆ ನಾಲ್ಕು ಮೂಲೆಗೆ.

"ಒರಗಿಸೋ ಏಣಿಗೆ ಎರಡೇ ಕಾಲು. ಇಲ್ಲಿ ನಾಲ್ಕಿದೆ. ಬಿಡಿಸಿ ನಿಲ್ಲಿಸ್ತಾರಲ್ಲ, ಮಡಚೋ ಏಣಿ, ಅದರ ಗುರುತು ಇದು."

"ಇದನ್ನ ಬೆಳಿಗ್ಗೇನೇ ಹೇಳಬಾರದಿತ್ತಾ?"

"ಬೆಳಿಗ್ಗೆ ನನ್ನ ತಲೇಲಿ ಮೇಷ್ಟ್ರು ಬಿಟ್ರೆ ಬೇರೇನೂ ಇರ್ಲಿಲ್ಲ."

ಅವಳು ಕಿಟಕಿಯ ಬಳಿ ಹೋಗಿ ನಿಂತಳು. ಮೋಡ ಆಗಷ್ಟೇ ಒಡೆಯುತ್ತಿತ್ತು. ಠಾಣೆಯ ಅಂಗಳದಲ್ಲಿ, ಸಿಮೆಂಟಿನ ಬಿರುಕಿನಲ್ಲಿ ಗೋಣಿಸೊಪ್ಪು ಹಬ್ಬಿತ್ತು. ಬಿಸಿಲು ಬಿದ್ದ ಕಡೆ ಒಂದೆರಡು ಹಳದಿ ಮೊಗ್ಗು ಬಾಯಿ ಬಿಡುತ್ತಿದ್ದವು. ನೆರಳಿನ ಕಡೆ ಎಲ್ಲವೂ ಮುಚ್ಚಿಕೊಂಡೇ ಇದ್ದವು.

ಅವಳು ಅದನ್ನೇ ನೋಡಿದಳು. ಆಮೇಲೆ ಮೊಬೈಲ್ ನೋಡಿದಳು. ಸರಕ್ಕನೆ ತಮ್ಮನತ್ತ ತಿರುಗಿದಳು.

"ಜೀಪ್ ತೆಗಿ. ಸ್ಟುಡಿಯೋಗೆ ಹೋಗ್ಬೇಕು."

"ಈಗ ಫೋಟೋ ತೆಗೆಸಿಕೊಳ್ತೀಯಾ?"

"ಬಾಯಿ ಮುಚ್ಕೊಂಡು ಬಾ. ಮರಿಗಳು ಹಸಿದಿರ್ತಾವೆ."

* * *

ಸ್ಟುಡಿಯೋದಲ್ಲಿ ಯಾರೂ ಗಿರಾಕಿಗಳಿರಲಿಲ್ಲ. ನೀಲಿ ಪರದೆ, ಎರಡು ಛತ್ರಿ ದೀಪ, ಒಂದು ಸ್ಟೂಲು. ಗೋಡೆಯ ತುಂಬ ನಗುವ ಮಕ್ಕಳು. ಮೂಲೆಯಲ್ಲಿ ಅಲ್ಯೂಮಿನಿಯಂ ಮಡಚು ಏಣಿ. ಮದುವೆಮನೆಯಲ್ಲಿ ಎಲ್ಲರೂ ಒಟ್ಟಿಗೆ ನಿಂತಾಗ ಫೋಟೋಗ್ರಾಫರ್ ಹತ್ತುವುದು ಅದನ್ನೇ. ಯಾರೋ ಆಗಷ್ಟೇ ಒರೆಸಿ ಇಟ್ಟಂತೆ ಫಳಫಳ ಹೊಳೆಯುತ್ತಿತ್ತು.

ಅಡ್ಮಿನ್ ಅಣ್ಣ ಎದ್ದು ನಿಂತ. "ಬನ್ನಿ ಬನ್ನಿ. ಮೇಷ್ಟ್ರು ಹೇಗಿದಾರೆ?"

"ಹಾಗೇ ಇದಾರೆ," ಎಂದಳು ಹುಳದಕ್ಕ. "ಆ ಬಾಗಿಲ ಹಿಂದೆ ಏನಿದೆ?"

"ಅದಾ? ಹಳೇ ಡಾರ್ಕ್‌ರೂಮ್. ರೀಲ್ ಕಾಲ ಮುಗಿದ ಮೇಲೆ ತೆಗೆದೇ ಇಲ್ಲ. ಬರೀ ಗುಜರಿ."

ಬಾಗಿಲು ಹಳೆಯದು. ಬೀಗ ಹೊಸದು.

ಇನ್‌ಸ್ಪೆಕ್ಟರ್ ಕೈಕಟ್ಟಿ ಹೊಸ್ತಿಲಲ್ಲಿ ನಿಂತ. ಹುಳದಕ್ಕ ಮೊಬೈಲ್ ತೆಗೆದು ಏನೋ ಹುಡುಕಿದಳು. ಬಯಲಿನಲ್ಲಿ ಯಾವಾಗಲೋ ರೆಕಾರ್ಡ್ ಮಾಡಿಟ್ಟ ಕೂಗು ಅದು. ಪೊಟರೆಗೆ ಮರಳುವ ತಾಯಿ ಗಿಳಿಯದು. ಸೌಂಡ್ ಪೂರ್ತಿ ಏರಿಸಿದಳು.

'ಕೀ... ಕೀಯಾ... ಕೀಯಾ...'

"ಏನಕ್ಕಾ ಇದು, ಈ ಹೊತ್ತಲ್ಲಿ—" ಅಡ್ಮಿನ್ ಅಣ್ಣ ನಗಲು ನೋಡಿದ. ನಗು ಬಾಯಲ್ಲೇ ಉಳಿಯಿತು.

ಬೀಗ ಹಾಕಿದ ಬಾಗಿಲ ಹಿಂದಿನಿಂದ ಸಣ್ಣ ದನಿಯೊಂದು ಬಂತು. ಇನ್ನೊಂದು. ಮತ್ತೊಂದು. ಕೊನೆಗೆ ಎಲ್ಲವೂ ಒಟ್ಟಿಗೆ ಗೋಗರೆಯತೊಡಗಿದವು.

"ಗುಜರಿ ಹಸಿದಿದೆ ಅನ್ನಿಸುತ್ತೆ," ಎಂದ ಇನ್‌ಸ್ಪೆಕ್ಟರ್. "ಬೀಗದ ಕೈ ಕೊಡಪ್ಪಾ."

ಅಡ್ಮಿನ್ ಅಣ್ಣ ಹಿಂಬಾಗಿಲತ್ತ ಜಿಗಿದ. ದೀಪದ ವೈರು ಕಾಲಿಗೆ ತೊಡರಿ ನೀಲಿ ಪರದೆಯ ಸಮೇತ ಕೆಳಗುರುಳಿದ. ಪರದೆಯೊಳಗಿಂದ ಅವನನ್ನು ಬಿಡಿಸಿ ಎತ್ತುವುದಷ್ಟೇ ಇನ್‌ಸ್ಪೆಕ್ಟರಿಗೆ ಉಳಿದ ಕೆಲಸ.

ಡಾರ್ಕ್‌ರೂಮಿನಲ್ಲಿ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮೈತುಂಬ ಹಸಿರು ಗರಿ ಮೂಡಿದ ಮರಿಗಳು. ಎಲ್ಲವೂ ಜೀವಂತ. ಪಕ್ಕದಲ್ಲಿ ಮೇಷ್ಟ್ರ ಕ್ಯಾಮೆರಾ.

ಹುಳದಕ್ಕ ನೆಲದ ಮೇಲೇ ಕೂತುಬಿಟ್ಟಳು. ಬೆಳಗಿನಿಂದ ತಡೆದಿಟ್ಟ ಅಳು ಈಗ ಬಂತು.

* * *

ಆಸ್ಪತ್ರೆಗೆ ಮರಳಿದಾಗ ಮೇಷ್ಟ್ರಿಗೆ ಎಚ್ಚರವಾಗಿತ್ತು. ತಲೆಗೆ ಬಿಳಿ ಪಟ್ಟಿ. ಹೆಂಡತಿ ಚಮಚದಲ್ಲಿ ನೀರು ಕುಡಿಸುತ್ತಿದ್ದರು.

"ಮರಿ?" ಮೇಷ್ಟ್ರ ಮೊದಲ ಮಾತು.

"ಸಿಕ್ಕಿದ್ವು ಮೇಷ್ಟ್ರೇ. ಎಲ್ಲವೂ ಚೆನ್ನಾಗಿವೆ."

"ಮುಖ ಕಾಣಿಸಲಿಲ್ಲ," ಎಂದರು ಮೇಷ್ಟ್ರು ನಿಧಾನವಾಗಿ. "ಕತ್ತಲು. ಯಾರೋ ಏಣಿ ಮೇಲಿದ್ದ. ಇಳಿಯೋ ಅಂತ ಏಣಿ ಕಾಲು ಹಿಡ್ಕೊಂಡೆ. ಎದೆಗೆ ಒದ್ದ. ಬೇರಿಗೆ ತಲೆ ಬಡೀತು. ಆಮೇಲೆ ಗೊತ್ತಿಲ್ಲ."

"ಗೂಡು ಇರೋ ಜಾಗ ಯಾರಿಗೆ ಹೇಳಿದ್ರಿ?"

"ಅಡ್ಮಿನ್‌ಗೆ ಒಬ್ಬನಿಗೇ. ಅವನೇ ಅಲ್ವಾ ನಿಯಮ ಮಾಡಿದ್ದು, ಗೂಡಿನ ಫೋಟೋ ಗ್ರೂಪಿಗೆ ಹಾಕ್ಬೇಡಿ, ಕಳ್ಳರ ಕಣ್ಣಿಗೆ ಬೀಳುತ್ತೆ, ನನಗೆ ಮಾತ್ರ ಕಳಿಸಿ ಅಂತ."

"ನಾನೂ ಕಳಿಸಿದ್ದೆ," ಎಂದಳು ಹುಳದಕ್ಕ. "ಹಾಳುಗೋಡೆಯ ಗೂಬೆ ಮರಿ. ಎರಡೇ ದಿನಕ್ಕೆ ಇರ್ಲಿಲ್ಲ. ಬೆಕ್ಕಿನ ಕೆಲಸ ಅಂದ. ನಾವು ಒಳ್ಳೇ ಮನಸ್ಸಿಂದ ಗೂಡು ಹುಡುಕಿ ಕೊಡ್ತಿದ್ವಿ. ಇವನು ಮರಿ ಸಾಕೋ ಹುಚ್ಚಿನವರಿಗೆ ಮಾರ್ತಿದ್ದ."

ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಕೂತ. "ಅವನು ಒಪ್ಕೊಂಡ. ತನ್ನ ಫೋಟೋ ಸಿಕ್ಕಿರಬಹುದು ಅಂತ ಕ್ಯಾಮೆರಾನೂ ಎತ್ಕೊಂಡು ಹೋದ್ನಂತೆ. ಆದ್ರೆ ನಂಗೊಂದು ಅರ್ಥ ಆಗ್ಲಿಲ್ಲ. ಠಾಣೆ ಕಿಟಕೀಲಿ ನಿಂತು ಅದೇನು ನೋಡಿದೆ ನೀನು?"

"ಗೋಣಿಸೊಪ್ಪು."

"ಅದಕ್ಕೂ ಇದಕ್ಕೂ?"

"ಗೋಣಿಸೊಪ್ಪಿನ ಹೂವಿಗೆ ಬಿಸಿಲು ಬೇಕು ಕಣೋ. ಬಿಸಿಲು ಚೆನ್ನಾಗಿ ಏರಿದ ಮೇಲೆ ಅರಳುತ್ತೆ, ಸ್ವಲ್ಪ ಹೊತ್ತು ಇದ್ದು ಮುಚ್ಕೊಳ್ಳುತ್ತೆ. ಇವತ್ತು ಬೆಳಕೇ ಹರಿದಿರ್ಲಿಲ್ಲ, ಮೇಲೆ ಮೋಡ ಬೇರೆ. ಅವನು 'ಈಗಷ್ಟೇ' ಅಂತ ಪೂರ್ತಿ ಅರಳಿದ ಹೂ ಹಾಕಿದ್ದ, ಜೇನು ಸಮೇತ. ಅದು ಯಾವತ್ತೋ ತೆಗೆದ ಫೋಟೋ. ಕೆರೆ ಹತ್ರ ಇಲ್ಲದೇ ಇದ್ದವನು ಇದ್ದೆ ಅಂತ ಯಾಕೆ ತೋರಿಸ್ಬೇಕು? ಆಗ ಬೆರಳಿನ ಬ್ಯಾಂಡೇಜೂ ನೆನಪಾಯ್ತು. ಗಿಳಿ ಪೊಟರೆಗೆ ಕೈ ಹಾಕಿದ್ರೆ ತಾಯಿ ಸುಮ್ನೆ ಬಿಡುತ್ತಾ? ಬಿಚ್ಚಿಸಿ ನೋಡು, ಟ್ರೈಪಾಡಿನ ಗಾಯ ಹಾಗಿರಲ್ಲ."

"ಬಿಚ್ಚಿಸಿದೆ," ಎಂದ ತಮ್ಮ. "ಕೊಕ್ಕಿನ ಗುರುತು ಅಚ್ಚು ಹಾಕಿದ ಹಾಗಿದೆ."

ಮೇಷ್ಟ್ರು ಕಣ್ಣು ಮುಚ್ಚಿದರು. "ನನ್ನ ಹತ್ರ ಎಷ್ಟು ಹೆಸರು ಕೇಳಿ ಕಲಿತ ಅವನು," ಎಂದರು. ಮೇಷ್ಟ್ರ ಹೆಂಡತಿ ಎದ್ದರು.

"ಫ್ಲಾಸ್ಕಲ್ಲಿ ಕಾಫಿ ತರಿಸಿದೀನಿ. ಡಾಕ್ಟರು ಎರಡು ಗುಟುಕು ಕೊಡಬಹುದು ಅಂದ್ರು. ಅವನ ವಿಷಯ ಸಾಕು."

* * *

ಮಧ್ಯಾಹ್ನ ಎಲ್ಲರೂ ಬೋಳುಮರದ ಬಳಿ ಸೇರಿದ್ದರು. ಅರಣ್ಯ ಇಲಾಖೆಯ ಡಾಕ್ಟರು ಮರಿಗಳನ್ನು ನೋಡಿ, ಹೊಟ್ಟೆಗೆ ಏನೋ ಕೊಟ್ಟು, ಮರಳಿ ಇಡಬಹುದು ಎಂದಿದ್ದರು. ತಾಯಿ ಬರದಿದ್ದರೆ ಸಂಜೆ ಇಲಾಖೆಯ ಆಸ್ಪತ್ರೆಗೆ ಒಯ್ಯುವ ಮಾತಾಗಿತ್ತು.

ಏಣಿ ತಂದದ್ದು ವಾಚ್‌ಮನ್. ಬಿಡುಗಡೆಯಾಗಿ ಬಂದವನು ಮನೆಗೂ ಹೋಗಿರಲಿಲ್ಲ. ಅವನೇ ಹತ್ತಿ ಮರಿಗಳನ್ನು ಒಂದೊಂದಾಗಿ ಒಳಗಿಟ್ಟ. ಒಡೆದ ಪೊಟರೆಯ ಬಾಯಿಗೆ ಹಲಗೆ ಕಟ್ಟಿ ಮೊದಲಿನಷ್ಟೇ ಕಿರಿದು ಮಾಡಿದ. ಅವನು ಇಳಿಯುವಾಗ ಇನ್‌ಸ್ಪೆಕ್ಟರ್ ಏಣಿ ಹಿಡಿದುಕೊಂಡಿದ್ದ.

"ತಪ್ಪು ತಿಳ್ಕೊಬೇಡಪ್ಪಾ," ಎಂದ ಇನ್‌ಸ್ಪೆಕ್ಟರ್ ಮೆಲ್ಲಗೆ. "ಆತುರಪಟ್ಟೆ."

"ಇರ್ಲಿ ಬಿಡಿ ಸಾರ್. ಆ ಮುರಿದ ರೆಕ್ಕೆ ಗಿಳಿ ಏನಾಯ್ತು?"

"ಕಾಡಿನ ಹಕ್ಕಿ ಮನೇಲಿ ಇಡೋ ಹಾಗಿಲ್ಲ, ಇಲಾಖೆ ಡಾಕ್ಟರು ನೋಡ್ಕೋತಾರೆ. ನೀನು ಹೋಗಿ ನೋಡ್ಕೊಂಡು ಬರಬಹುದು."

ಎಲ್ಲರೂ ದೂರ ಸರಿದು ಗೋಡೆಯ ನೆರಳಲ್ಲಿ ನಿಂತರು. ಆಕಾಶ ಖಾಲಿ. ಮರಿಗಳೂ ಸುಮ್ಮನಾಗಿದ್ದವು. ವಾಚ್‌ಮನ್‌ನ ಹೆಂಡತಿ ಉಗುರು ಕಚ್ಚುತ್ತಿದ್ದಳು. ಹುಳದಕ್ಕ ಫೋಟೋ ತೆಗೆಯಲು ಮೊಬೈಲ್ ಎತ್ತಲೇ ಇಲ್ಲ.

ಟ್ಯಾಂಕಿನ ಮೇಲಿನಿಂದ ಒಂದು ಹಸಿರು ಗೆರೆ ಇಳಿದು ಬಂತು. ಬೋಳುಕೊಂಬೆಯ ಮೇಲೆ ಕೂತಿತು. ಹಲಗೆಯನ್ನು ಒಂದು ಕಣ್ಣಿನಿಂದ ನೋಡಿತು, ಆಮೇಲೆ ಇನ್ನೊಂದು ಕಣ್ಣಿನಿಂದ. ಕೊಕ್ಕಿನಿಂದ ಕುಟ್ಟಿತು. ಒಳಗಿನಿಂದ ಗದ್ದಲವೆದ್ದಿತು.

ಗಿಳಿ ತಲೆ ತಗ್ಗಿಸಿ ಒಳಗೆ ಹೋಯಿತು.

ಯಾರೋ ಜೋರಾಗಿ ಉಸಿರು ಬಿಟ್ಟರು. ಬಹುಶಃ ಎಲ್ಲರೂ.

"ಇನ್ನಾದ್ರೂ ಮನೆಗೆ ಹೋಗೋಣ್ವಾ?" ಎಂದ ವಾಚ್‌ಮನ್, ತನ್ನ ಹೆಂಡತಿಗೆ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನಾನು."

ಅವಳು ನಗುತ್ತ, ಅಳುತ್ತ ಅವನ ತೋಳಿಗೊಂದು ಗುದ್ದು ಕೊಟ್ಟಳು.