ಎರಡು ನವಿಲು ಗುರುತಿನ ಎಣ್ಣೆ

೧೯೪೩ರ ನವೆಂಬರ್ ಹದಿನೆಂಟರಂದು ದೇವದುರ್ಗದ ಪೊಲೀಸ್ ಠಾಣೆಗೆ ಬಡೇಬೀ ಎಂಬ ಹೆಂಗಸು ಅರ್ಧ ಡಬ್ಬಿ ಎಣ್ಣೆ ಹೊತ್ತುಕೊಂಡು ಬಂದಳು. ಜಿಲ್ಲೆಯ ಇನ್‌ಸ್ಪೆಕ್ಟರ್ ಅಬ್ದುಲ್ ವಹೀದ್ ಅಂದು ತಪಾಸಣೆಗೆಂದು ಅಲ್ಲಿಯೇ ಇದ್ದರು. ಬಡೇಬೀ ಸಂತೆಯಲ್ಲಿ ಮಿರ್ಚಿ ಭಜಿ ಮಾರುವವಳು. ಅವಳ ಗಂಡ ಖಾಜಾಮಿಯಾ ಕಾಲು ಬಾತು, ಉಸಿರು ಕಟ್ಟಿ ಸತ್ತಿದ್ದ. ಆಮೇಲೆ ಅವಳ ಗಿರಾಕಿಗಳಲ್ಲಿ ಇಬ್ಬರು ಹಾಗೆಯೇ ಸತ್ತರು. ಬಡೇಬೀ ಮದ್ದು ಹಾಕಿದಳೆಂದು ಊರವರು ಅವಳ ಒಲೆಯನ್ನು ಒಡೆದು ಹಾಕಿದ್ದರು.

“ನನ್ನ ಕೈಯಾಗಿಂದ ತಿಂದೇ ಸತ್ತಾರ್ರಿ ಸಾಹೇಬ್ರ, ಖರೇನ ಅದ,” ಎಂದಳು ಆಕೆ. “ಆದ್ರ ನಾ ಹಾಕಿದ್ದು ಈ ಎಣ್ಣಿ. ಇದರ ಮ್ಯಾಲ ಫಿರ್ಯಾದಿ ಬರಕೋರ್ರಿ.”

ಎಣ್ಣೆಯ ಮೇಲೆ ಫಿರ್ಯಾದಿಯೇ ಎಂದು ಠಾಣೆಯ ಬರಹಗಾರ ನಕ್ಕ. ವಹೀದ್ ನಗಲಿಲ್ಲ. ಅವರ ಕಣ್ಣು ಆಕೆಯ ಪಾದಗಳ ಮೇಲಿತ್ತು. ಅವೂ ಬಾತಿದ್ದವು. ಎಫ್‌ಐಆರ್ ದಾಖಲಾಯಿತು. ಊರಿನ ಇಬ್ಬರು ಹಿರಿಯರನ್ನು ಕರೆಸಿ, ಪಂಚನಾಮೆ ಬರೆದು, ಡಬ್ಬಿಗೆ ಅರಗಿನ ಮುದ್ರೆ ಒತ್ತಿದರು. ಡಬ್ಬಿಯ ಮೇಲೆ ಎರಡು ನವಿಲುಗಳ ಗುರುತಿತ್ತು. ಅದು ರಾಯಚೂರಿನ ಎಣ್ಣೆ ಗಿರಣಿ ಕಂಪನಿಯೊಂದರ ಮಾಲು.

ಇಂಥ ಸಾವು ಬೇರೆಲ್ಲಾದರೂ ಆಗಿದೆಯೇ ಎಂದು ವಿಚಾರಿಸಿದಾಗ ಮಾನ್ವಿಯ ಡಾಕ್ಟರ್ ಸಿದ್ದರಾಮಪ್ಪ ಬಾಗಲವಾಡವೆಂಬ ಹಳ್ಳಿಯ ಹೆಸರು ಹೇಳಿದರು. ಅಲ್ಲಿ ಏಳು ಜನ ಸತ್ತಿದ್ದರು. ಅಕ್ಕಿಯ ದೋಷವಿರಬೇಕೆಂದು ಡಾಕ್ಟರು ಬಗೆದಿದ್ದರು. ವಹೀದ್ ಜಮಾದಾರ ವಿರೂಪಣ್ಣನನ್ನು ಕರೆದುಕೊಂಡು ಮನೆಮನೆ ಹೊಕ್ಕರು. ಒಂದು ಮನೆಯಲ್ಲಿ ಬಾಣಂತಿ ಸತ್ತಿದ್ದಳು. ಮೈಗೆ ಬಲ ಬರಲೆಂದು ಅತ್ತೆಯೇ ಅವಳ ರೊಟ್ಟಿಗೆ ದಿನಾ ಒಂದು ಮಿಳ್ಳೆ ಎಣ್ಣೆ ಹೆಚ್ಚು ಹಾಕಿದ್ದಳಂತೆ. ಅದನ್ನು ಹೇಳುವಾಗ ಆ ಮುದುಕಿ ತೊಡೆಯ ಮೇಲಿನ ಕೂಸಿನ ಕಡೆ ನೋಡಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ನವಿಲು ಗುರುತಿನ ಡಬ್ಬಿಯಿತ್ತು. ವಹೀದ್ ಅದಕ್ಕೂ ಮುದ್ರೆ ಒತ್ತಿಸಿ, ಎರಡೂ ಡಬ್ಬಿಗಳನ್ನು ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದರು.

ಡಿಸೆಂಬರಿನಲ್ಲಿ ಹೈದರಾಬಾದಿನ ಪ್ರಯೋಗಾಲಯದಿಂದ ವರದಿ ಬಂತು. ಬೀಳು ಹೊಲಗಳಲ್ಲಿ ಹಳದಿ ಹೂ ಬಿಡುವ ಮುಳ್ಳು ದತ್ತೂರಿಯ ವಿಷಬೀಜವನ್ನು ಶೇಂಗಾದ ಜೊತೆ ಅರೆದಿದ್ದರು.

ಮರುದಿನ ಬೆಳಿಗ್ಗೆಯೇ ವಹೀದ್ ಗಿರಣಿಯನ್ನು ಶೋಧಿಸಿದರು. ಮ್ಯಾನೇಜರ್ ಶೇಷಗಿರಿ ತಪ್ಪೆಲ್ಲವನ್ನೂ ಚಿಲ್ಲರೆ ಅಂಗಡಿಯವರ ಮೇಲೆ ಹಾಕಿದ. ತಮ್ಮ ಗಿರಣಿಯಲ್ಲಿ ಶೇಂಗಾ ಬಿಟ್ಟು ಬೇರೇನೂ ಇಲ್ಲವೆಂದ. ಅಷ್ಟರಲ್ಲಿ ವಿರೂಪಣ್ಣ ಗೋದಾಮಿನಿಂದ ಸಾಸಿವೆಯಂಥ ಕರಿ ಬೀಜದ ಚೀಲವೊಂದನ್ನು ಎಳೆದು ತಂದ. ಹಿತ್ತಲಲ್ಲಿ ಎತ್ತು ಕಟ್ಟಿದ ಸಣ್ಣ ಗಾಣವೂ ಒಂದಿದೆಯೆಂದು ತಿಳಿಸಿದ. ಇಷ್ಟು ದೊಡ್ಡ ಯಂತ್ರವಿರುವಲ್ಲಿ ಗಾಣವೇಕೆಂದು ಕೇಳಲು ವಹೀದ್ ಶೇಷಗಿರಿಯನ್ನು ಅದರ ಮುಂದೆಯೇ ನಿಲ್ಲಿಸಿದರು.

“ಇದು ಯಾತಕ್ಕ?”

“ಮನಿ ಖರ್ಚಿಗ್ರಿ.”

“ಯಾರ ಮನಿ?”

“ಡೈರೆಕ್ಟರ್ ಮಂದಿ ಮನಿಗೋಳಿಗ್ರಿ.”

“ನಿಮ್ಮ ಮನಿಗಿ?”

ಶೇಷಗಿರಿ ತಲೆ ತಗ್ಗಿಸಿದ. “ನಮಗೂ ಇದರಾಗಿಂದನ ಚೊಕ್ಕ ಎಣ್ಣಿ ಬರ್ತದ್ರಿ.”

ಆಮೇಲೆ ಅವನು ಏನನ್ನೂ ಮುಚ್ಚಿಡಲಿಲ್ಲ. ಬೀಜ ಬೆರೆಸುವ ಮಾತು ಆಡಳಿತ ಡೈರೆಕ್ಟರ್ ಜಗನ್ನಾಥನಿಂದ ಬಂದಿತ್ತು. ಡೈರೆಕ್ಟರುಗಳೆಲ್ಲ ಸಭೆಯಲ್ಲಿ ಕೂತು ಒಪ್ಪಿದ್ದರು. ಹಳ್ಳಿಗಳಲ್ಲಿ ಜನ ಸಾಯುತ್ತಿದ್ದಾರೆಂದು ದಸರೆಯ ಹೊತ್ತಿಗೆ ತಾನೇ ಹೋಗಿ ಹೇಳಿದಾಗ, ಹಂಗಾಮು ಮುಗಿಯಲಿ ಎಂದು ಜಗನ್ನಾಥ ಹೇಳಿದ್ದ. ಹಂಗಾಮು ನಡೆಯಿತು. ಬಾಗಲವಾಡದ ಬಾಣಂತಿ ಸತ್ತಿದ್ದು ದೀಪಾವಳಿ ಕಳೆದ ಮೇಲೆ.

ವಹೀದ್ ಆರೋಪಪಟ್ಟಿಯಲ್ಲಿ ಮೊದಲನೇ ಆರೋಪಿಯೆಂದು ಕಂಪನಿಯ ಹೆಸರನ್ನೇ ಬರೆದರು. ಜಗನ್ನಾಥ, ಉಳಿದ ಡೈರೆಕ್ಟರುಗಳು, ಶೇಷಗಿರಿ ಅದರ ಕೆಳಗೆ. ಸರ್ಕಾರಿ ವಕೀಲ ನರಸಿಂಹರಾಯರು ಓದಿ ಕಾಗದವನ್ನು ಮರಳಿ ಸರಿಸಿದರು. ಮ್ಯಾನೇಜರನೊಬ್ಬನನ್ನು ಹಿಡಿದರೆ ಸಾಕು, ಕೇಸು ನಿಲ್ಲುತ್ತದೆ ಎಂದರು.

“ಬೇಡಿ ಹಾಕಾಕ ಕಂಪನಿಗಿ ಕೈ ಎಲ್ಲದಾವ್ರಿ, ಇನ್‌ಸ್ಪೆಕ್ಟರ್ ಸಾಹೇಬ್ರ?”

“ಮದ್ದು ಬೆರೆಸೋ ಮುಂದ ಇದ್ದವಲ್ರಿ, ವಕೀಲ್‌ಸಾಬ್.” ವಹೀದ್ ಕಾಗದವನ್ನು ಮತ್ತೆ ಅವರ ಮುಂದಿಟ್ಟರು. “ಆ ಹೆಣ್ಮಗಳು ಭಜಿ ಕರಿದಿದ್ದಕ್ಕ ಊರೆಲ್ಲಾ ಆಕಿನ್ನ ಕೊಲೆಗಾರ್ತಿ ಅಂತು. ಹತ್ತು ಹೆಣ ಬಿದ್ದಾವ. ಇವರ ಹೆಸರು ಬರ್ಯಾಕ ನನಗ್ಯಾಕ ಅಂಜಿಕಿ?”

ವಕೀಲರು ಪಟ್ಟಿಯನ್ನು ಇನ್ನೊಮ್ಮೆ ಓದಿ, ಕಡೆಗೆ ಸಹಿ ಹಾಕಿದರು. ಮ್ಯಾಜಿಸ್ಟ್ರೇಟರು ಕಂಪನಿಯ ಹೆಸರನ್ನು ಹೊಡೆದು ಹಾಕಲಿಲ್ಲ. ವಿಚಾರಣೆ ಮುಗಿಯುವ ತನಕ ಗಿರಣಿಗೆ ಬೀಗ ಹಾಕಲು ಆಜ್ಞೆ ಕೊಟ್ಟರು.

ಮರುದಿನ ಬೆಳಿಗ್ಗೆ ಗಿರಣಿಗೆ ಬೀಗ ಬೀಳುವ ಹೊತ್ತಿಗೇ, ಪೂಜೆ ಮುಗಿಸಿ ಹೊರಬಂದ ಜಗನ್ನಾಥನನ್ನು ಬಂಧಿಸಿದರು. ಅವನ ಹೆಂಡತಿ ವಿಜಯಾಬಾಯಿ ಬಾಗಿಲಲ್ಲಿ ನಿಂತು, ಊರ ಸುದ್ದಿ ಖರೆಯೇ ಎಂದು ಅವನನ್ನೇ ಕೇಳಿದಳು. ಅವನು ಚಪ್ಪಲಿ ಮೆಟ್ಟಿ ನಡೆದ.

ರಾಯಚೂರಿನ ಠಾಣೆಯಲ್ಲಿ ಅವನು ಹೇಳಿಕೆ ಕೊಟ್ಟ. ಸತ್ತವರಲ್ಲಿ ಒಬ್ಬರ ಮುಖವನ್ನೂ ತಾನು ಕಂಡವನಲ್ಲ, ಅವರ ಮೇಲೆ ತನಗೆ ಹಗೆಯಿರಲಿಲ್ಲ ಎಂದ. ಅದು ಸುಳ್ಳಲ್ಲ. ಆ ವರ್ಷ ಯುದ್ಧದ ದೆಸೆಯಿಂದ ಶೇಂಗಾ ಸಿಗದೆ ಊರಿನ ಬೇರೆ ಗಿರಣಿಗಳು ನಿಂತುಹೋಗಿದ್ದವು. ತನ್ನ ಗಿರಣಿಯ ಗಾಲಿ ಮಾತ್ರ ನಿಲ್ಲದೆಂದು ಅವನು ಉಳಿದ ನಾಲ್ವರು ಡೈರೆಕ್ಟರುಗಳ ಮುಂದೆ ಮಾತು ಕೊಟ್ಟಿದ್ದ. ಆ ನಾಲ್ಕು ಜನರೆದುರು ಸಣ್ಣವನಾಗುವುದು ಅವನಿಗೆ ಬೇಕಿರಲಿಲ್ಲ. ಇದ್ದದ್ದು ಇಷ್ಟೇ.

ವಹೀದ್ ಓದಿ ಹೇಳಿದ್ದಕ್ಕೆಲ್ಲ ಅವನು ನಿರ್ವಿಕಾರವಾಗಿ ಸಹಿ ಹಾಕಿದ. ನಡುಮಧ್ಯಾಹ್ನ ಗಿರಣಿಯ ಸೀಟಿ ಕೇಳಿಸದಿದ್ದಾಗ ಮಾತ್ರ ಗಾಬರಿಯಿಂದ ತಲೆ ಎತ್ತಿ, ಬಂದ್ ಮಾಡಿಸಿದವರು ಯಾರೆಂದು ಕೇಳಿದ.

“ನಾನ,” ಎಂದರು ವಹೀದ್. ಲಾಕಪ್ಪಿನ ಬಾಗಿಲನ್ನು ಅವರೇ ಎಳೆದು ಹಾಕಿದರು.